ಹುಳುಮನೆಯ ಬಾಗಿಲಲ್ಲಿ

ಗೆಳೆಯರೇ, ಇಂದು ಸುಗಟೂರಿನ ಹತ್ತಿರ ಮಾರಾಟಕ್ಕಿದ್ದ ಒಂದು ಮನೆ ಮತ್ತು ಹಿಪ್ಪುನೇರಳೆ ತೋಟ ನೋಡಲು ಹೋಗಿದ್ದೆ. ಮಾಲೀಕ ಮುನಿಯಪ್ಪ ಎಲ್ಲವನ್ನೂ ತೋರಿಸಿ, ಕೊನೆಗೆ ರೇಷ್ಮೆಹುಳು ಸಾಕುವ ಕೋಣೆಗೆ ಕರೆದೊಯ್ದರು. ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

"ಹುಳ ಹಣ್ಣಾಗವೆ, ಗೂಡು ಕಟ್ಟೋ ಹೊತ್ತು. ಹೊರಗಿನೋರು ಬರಂಗಿಲ್ಲ."

"ನೋಡ್ದೆ ಯಾರೇ ತಗೋತಾರೆ? ಪಕ್ಕಕ್ಕೆ ಸರಿ," ಎಂದು ಮುನಿಯಪ್ಪ ಗದರಿದರು.

"ಮಾರೋಕೆ ಮುಂಚೆ ನನ್ನ ಒಂದು ಮಾತು ಕೇಳಿದ್ಯಾ?"

ಮುನಿಯಪ್ಪ ಆಕೆಯ ತೋಳು ಹಿಡಿದು ಎಳೆದರು. ಆಕೆ ಬಾಗಿಲ ಚೌಕಟ್ಟು ಬಿಡಲಿಲ್ಲ. ನಾನು ನಡುವೆ ಹೋಗಿ, "ಗೂಡು ಮಾರಿದ ಮೇಲೆ ಬರ್ತೀನಮ್ಮ" ಎಂದೆ.

"ಬನ್ನಿ ಸಾರ್. ಅಷ್ಟೊತ್ತಿಗೆ ಮುಂದಿನ ಬೆಳೆ ಹುಳ ತಂದಿಟ್ಟಿರ್ತೀನಿ."

ಮಾರಾಟಕ್ಕಿರುವ ಬೇರೆ ಮನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಲ್ಲಿನ ಮನೆಯೊಡತಿಯನ್ನೂ ಒಂದು ಮಾತು ಕೇಳಿದ ಮೇಲೆ.