ಶೈತ್ಯಕೋಣೆಯಲ್ಲಿದ್ದ ಅತಿಥಿ

2019ನೆಯ ಇಸವಿ ಮೇ ತಿಂಗಳ ಹದಿಮೂರು, ಸೋಮವಾರ. ಬೇಸಿಗೆ ತನ್ನ ತುತ್ತತುದಿಯಲ್ಲಿತ್ತು. ಹಿಂದಿನ ಗುರುವಾರದಿಂದ ಗಾಳಿ ಆಡಿರಲಿಲ್ಲ. ಬೆಳಗ್ಗೆಯೇ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಇದು ಹನ್ನೊಂದನೆಯ ತಾರೀಕಿನ ಘಟನೆಯೆಂದು ನಮ್ಮ ಮನೆಯಲ್ಲಿ ಕೆಲವರು ಹೇಳುವುದುಂಟು. ಅದು ಸರಿಯಲ್ಲ. ತಪ್ಪು ನಡೆದದ್ದು ಹನ್ನೊಂದರಂದು, ಶನಿವಾರ, ಹೊರಬಿದ್ದದ್ದು ಹದಿಮೂರರಂದು.

ನನ್ನ ಸೊಸೆ ಆಸ್ಪತ್ರೆಗಳಿಗೆ ಔಷಧಿ ಸರಬರಾಜು ಮಾಡುವ ಒಂದು ಕಂಪನಿಯಲ್ಲಿ, 2018ರ ಡಿಸೆಂಬರ್ ಮೂರರಂದು, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ನನ್ನ ಮಗನ ಮುದ್ರಣಾಲಯ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಅವಳ ಕೆಲಸ ಖಾಯಂ ಆಗುವುದೋ ಇಲ್ಲವೋ ಎಂಬುದು ಜೂನ್ ಮೊದಲ ವಾರದಲ್ಲಿ ತೀರ್ಮಾನವಾಗಬೇಕಿತ್ತು.

ಕಂಪನಿಗೆ ಊರಿನ ನಾಲ್ಕು ಮೂಲೆಯಲ್ಲಿ ನಾಲ್ಕು ಕಚೇರಿಗಳು. ನಾಲ್ಕರಲ್ಲಿಯೂ ನೌಕರರಿಗೆ ಒಂದು ನೆಟ್‌ವರ್ಕ್, ಹೊರಗಿನಿಂದ ಬಂದವರಿಗೆ ಬೇರೆಯದೇ ಒಂದು ಅತಿಥಿ ನೆಟ್‌ವರ್ಕ್. ಆದರೆ ಅತಿಥಿಗಳ ವಿಷಯದಲ್ಲಿ ಒಂದೊಂದು ಕಚೇರಿಗೆ ಒಂದೊಂದು ಪದ್ಧತಿ. ಒಂದೆಡೆ ಪಾಸ್‌ವರ್ಡನ್ನು ಗೋಡೆಗೇ ಅಂಟಿಸಿದ್ದರು. ಎದುರಿನ ಚಹದಂಗಡಿಯವನ ಗಿರಾಕಿಗಳೆಲ್ಲ ಅದರಲ್ಲಿಯೇ ಸಿನಿಮಾ ನೋಡುತ್ತಿದ್ದರು. ಇನ್ನೊಂದೆಡೆ ಒಮ್ಮೆ ಒಳಗೆ ಬಂದ ಅತಿಥಿ ಆಚೆ ಹೋಗುವ ಮಾತೇ ಇರಲಿಲ್ಲ. ಇದನ್ನೆಲ್ಲ ಒಂದು ಕಟ್ಟಳೆಗೆ ತರುವುದು ಸೊಸೆಗೆ ವಹಿಸಿದ ಮೊದಲ ದೊಡ್ಡ ಕೆಲಸ. ಅವಳ ನಿಯಮ ಸರಳವಾಗಿತ್ತು: ಬಂದ ಅತಿಥಿಗೆ ನೌಕರನೊಬ್ಬ ಜಾಮೀನು ನಿಲ್ಲಬೇಕು, ಸಂಜೆ ಆರಕ್ಕೆ ಎಲ್ಲ ಅತಿಥಿಗಳೂ ಹೊರಗೆ.

ಇದು ಅವಳ ಸ್ವಭಾವಕ್ಕೂ ಒಪ್ಪುವಂಥದು. ಮನೆಯಲ್ಲಿಯೂ ಬಂದವರಿಗೆ ಬೇರೆ ಪಾಸ್‌ವರ್ಡ್ ಇಟ್ಟಿದ್ದಳು. "ನೆಂಟರ ಚಪ್ಪಲಿ ಬಾಗಿಲಲ್ಲಿ ಇರೋವಾಗ್ಲೇ ಪಾಸ್‌ವರ್ಡ್ ಬದಲಾಯಿಸ್ತಾಳೆ ನಮ್ಮ ಸೊಸೆ. ಅವರು ಮೆಟ್ಟಿಲು ಇಳಿಯೋದನ್ನಾದ್ರೂ ಕಾಯಬಾರ್ದಾ?" ಎಂದು ನನ್ನ ಹೆಂಡತಿ ಚುಚ್ಚುತ್ತಿದ್ದಳು. "ಇಳಿದ ಮೇಲೆ ಮರೆತುಹೋಗುತ್ತೆ ಅತ್ತೆ," ಎಂಬುದು ಸೊಸೆಯ ಉತ್ತರ.

ಮೇ ಹನ್ನೊಂದರ ಮಧ್ಯಾಹ್ನ, ಕಚೇರಿಗಳು ಬಾಗಿಲು ಹಾಕಿದ ಮೇಲೆ, ಅವಳು ತನ್ನ ಮೇಜಿನಿಂದಲೇ ನಾಲ್ಕೂ ಕಡೆ ಹೊಸ ನಿಯಮವನ್ನು ಜಾರಿಗೆ ತಂದಳು. ಬೀಡುಬಿಟ್ಟಿದ್ದ ಹಳೆಯ ಅತಿಥಿಗಳನ್ನು ಒಬ್ಬೊಬ್ಬರನ್ನಾಗಿ ತೆಗೆದುಹಾಕಿದಳು. ಉಗ್ರಾಣದ ಕಚೇರಿಯಲ್ಲಿ ಒಬ್ಬ ಅತಿಥಿಯ ಹೆಸರು 'ಅಳಿಯ' ಎಂದಿತ್ತು. ಎರಡು ವರ್ಷದಿಂದ ಅಲ್ಲಿಯೇ ಇದ್ದ. ಯಾರದೋ ಮನೆಯ ಅಳಿಯ ಪುಕ್ಕಟೆ ಇಂಟರ್‌ನೆಟ್‌ನಲ್ಲಿ ಕಾಲ ಕಳೆಯುತ್ತಿದ್ದಾನೆಂದು ನಕ್ಕು, ಅವನನ್ನೂ ತೆಗೆದಳು.

ಸೋಮವಾರ ಬೆಳಗ್ಗೆ ಅವಳು ಕಚೇರಿಯಲ್ಲಿ ಕುಳಿತು ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದಾಗ, ಉಗ್ರಾಣದಲ್ಲಿ ಸ್ವಾಗತದ ಮೇಜಿಗೆ ಕೂರುವ ಹೆಂಗಸಿನ ಫೋನ್ ಬಂದಿತು.

"ಅಕ್ಕಾ, ನಮ್ಮ ಅಳಿಯ ಏನು ತಪ್ಪು ಮಾಡಿದ್ದ? ಒಂದು ಮಾತೂ ಹೇಳದೆ ಹೊರಗೆ ಹಾಕಿದ್ದೀರಲ್ಲ!"

"ನಿಮ್ಮ ಅಳಿಯನಿಗೆ ಮನೆ ಇಲ್ವಾ? ಎರಡು ವರ್ಷ ಕಚೇರಿಯಲ್ಲಿ ಏನು ಮಾಡ್ತಿದ್ದಾನೆ?"

"ಅಯ್ಯೋ, ಅವನು ಮನುಷ್ಯ ಅಲ್ಲಕ್ಕ. ತಣ್ಣನೆ ಕೋಣೆಯಲ್ಲಿ ಗೋಡೆಗೆ ಹಾಕಿದ್ದಾರಲ್ಲ, ಬಿಸಿ-ತಂಪು ನೋಡೋ ಪೆಟ್ಟಿಗೆ, ಅದು. ಬಂದು ಕೂತದ್ದು ಹೋಗಲೇ ಇಲ್ಲ ಅಂತ ನಾವು ಅಳಿಯ ಅಂತೀವಿ. ದಿನಾ ಬೆಳಗ್ಗೆ ನಾನೇ ಅದಕ್ಕೆ ಪಾಸ್ ಕೊಡೋದು. ಶನಿವಾರ ಮಾತ್ರ ಸೋಮವಾರದವರೆಗೆ ಕೊಟ್ಟುಬಿಡ್ತೀನಿ. ಈಗ ನೋಡಿದ್ರೆ ಜಾಮೀನು ಕೇಳ್ತಿದೆ."

ಸೊಸೆ ಎದ್ದು ನಿಂತಳು.

ಆಗಿದ್ದದ್ದು ಇಷ್ಟು. ಆ ಪೆಟ್ಟಿಗೆಯನ್ನು ನೌಕರರ ನೆಟ್‌ವರ್ಕಿಗೆ ಸೇರಿಸಲು ಮುಖ್ಯ ಕಚೇರಿಯ ಒಪ್ಪಿಗೆ ಬೇಕಿತ್ತು. ಅದು ಬರಲು ತಡವಾಗುವುದೆಂದು, ಕೂರಿಸಲು ಬಂದ ಮೆಕ್ಯಾನಿಕ್ಕಿಗೆ ಕೊಟ್ಟಂತೆಯೇ ಪೆಟ್ಟಿಗೆಗೂ ಅತಿಥಿ ಪಾಸ್ ಕೊಟ್ಟಿದ್ದರು. ಅದೇ ರೂಢಿಯಾಯಿತು. ಕೋಣೆ ಬಿಸಿಯೇರಿದರೆ ಮೇಲ್ವಿಚಾರಕರ ಮೊಬೈಲಿಗೆ ಎಚ್ಚರಿಕೆ ಕಳಿಸುವುದು ಆ ಪೆಟ್ಟಿಗೆಯ ಕೆಲಸ. ಅಳೆದದ್ದನ್ನು ನೆಟ್‌ವರ್ಕಿನ ಮೂಲಕ ಕಳಿಸುವುದಲ್ಲದೆ ತನ್ನಲ್ಲಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಶನಿವಾರ ಮಧ್ಯಾಹ್ನದಿಂದ ಅದು ಮೂಕವಾಗಿತ್ತು. ಒಳಗಿದ್ದದ್ದು ಮಕ್ಕಳ ಲಸಿಕೆ.

ಬಾಡಿಗೆ ಕಾರಿನಲ್ಲಿ ಅವಳು ಉಗ್ರಾಣ ತಲುಪಿದಾಗ ಲಾರಿಗೆ ಲಸಿಕೆಯ ಪೆಟ್ಟಿಗೆಗಳನ್ನು ಏರಿಸಿ ಆಗಿತ್ತು; ಚಾಲಕ ಹಿಂಬಾಗಿಲಿಗೆ ಚಿಲಕ ಹಾಕುತ್ತಿದ್ದ. ಮೇಲ್ವಿಚಾರಕರು, ತಲೆ ನರೆತ ಗಟ್ಟಿ ದನಿಯ ಮನುಷ್ಯ, ನೆರಳಿನಲ್ಲಿ ನಿಂತಿದ್ದರು.

"ಸರ್, ಲಾರಿ ನಿಲ್ಲಿಸಿ. ನಿನ್ನೆ ಇಲ್ಲಿ ಕರೆಂಟ್ ಹೋಗಿತ್ತಾ?"

"ಮಧ್ಯಾಹ್ನ ಈ ಕಡೆಗೆಲ್ಲ ಹೋಗಿತ್ತಂತೆ. ಅದಕ್ಕೇನೀಗ? ಜನರೇಟರ್ ತಾನಾಗೇ ಶುರು ಆಗುತ್ತೆ."

"ಆಯ್ತಾ?"

"ಆಗದೆ ಏನಮ್ಮ? ಒಳಗೆ ಹೋಗಿ ಕಣ್ಣಾರೆ ನೋಡು. ನಾಲ್ಕು ಡಿಗ್ರಿ ಇದೆ."

"ಈಗ ನಾಲ್ಕು. ನಿನ್ನೆ ಎಷ್ಟಿತ್ತು?"

"ಎಚ್ಚರಿಕೆ ಬರಲಿಲ್ಲ ಅಂದ್ರೆ ಸರಿಯಾಗೇ ಇತ್ತು ಅಂತ ಅರ್ಥ."

"ಬರೋಕೆ ದಾರಿ ಇರಲಿಲ್ಲ ಸರ್. ದಾರಿ ಮುಚ್ಚಿದವಳು ನಾನೇ, ಶನಿವಾರ."

ಅವರು ಲಾರಿಯತ್ತ ಒಮ್ಮೆ ನೋಡಿದರು. ಆಮೇಲೆ ಚಾಲಕನಿಗೆ ಕೇಳಿಸದಂತೆ ದನಿ ತಗ್ಗಿಸಿದರು.

"ನೋಡಮ್ಮ, ನನಗೂ ನಿನ್ನ ವಯಸ್ಸಿನ ಮಗಳಿದ್ದಾಳೆ. ಯಾಕೆ ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಳ್ತೀಯ? ಇದನ್ನ ಬಲ್ಲವರು ನಾವಿಬ್ಬರೇ. ಆ ಪೆಟ್ಟಿಗೆಗೆ ಈಗ ಪಾಸ್ ಕೊಡು, ಮನೆಗೆ ಹೋಗು. ಕೆಲಸ ಖಾಯಂ ಆಗಲಿ."

ಆ ಕ್ಷಣ ತನಗೆ ಹೊಳೆದದ್ದನ್ನು ಅವಳು ನನಗೆ ಹೇಳಿದ್ದಾಳೆ. ಜನರೇಟರ್ ಓಡಿದ್ದರೂ ಓಡಿರಬಹುದು. ಲಸಿಕೆ ಚೆನ್ನಾಗಿಯೇ ಇದ್ದರೂ ಇರಬಹುದು. ಹಾಗಿದ್ದಲ್ಲಿ ಬಾಯಿ ಬಿಟ್ಟು ಕೆಲಸ ಕಳೆದುಕೊಂಡಂತೆ ಆಗುವುದಷ್ಟೇ. ನಿನ್ನೆ ಜನರೇಟರ್ ಓಡಿತೇ ಎಂದು ಅವಳು ಗೇಟಿನ ಕಾವಲುಗಾರನನ್ನು ಕೇಳಿದಳು. ಜನರೇಟರ್ ಹಿಂದಿನ ಅಂಗಳದಲ್ಲಿತ್ತು. ಅಲ್ಲಿಯ ಸದ್ದು ಗೇಟಿಗೆ ಕೇಳಿಸುವುದಿಲ್ಲವೆಂದು ಅವನು ಕೈಯಲ್ಲಾಡಿಸಿದ. ಲಾರಿಯ ಎಂಜಿನ್ ಶುರುವಾಯಿತು.

ಅಷ್ಟರಲ್ಲಿ ಸ್ವಾಗತದ ಹೆಂಗಸು ಬಾಗಿಲ ಬಳಿ ಬಂದು ನಿಂತಿದ್ದಳು.

"ಅಕ್ಕಾ, ಬೆಳಗ್ಗೆ ಆ ಕೋಣೆ ಹೊಸ್ತಿಲಲ್ಲಿ ಒಳಗಿನ ಮಂಜು ಕರಗಿ ನೀರು ನಿಂತಿತ್ತು. ಯಾರಾದ್ರೂ ಜಾರಿಯಾರು ಅಂತ ನಾನೇ ಒರೆಸಿದೆ."

"ನಿನ್ನನ್ನ ಯಾರು ಕೇಳಿದ್ರು?" ಎಂದರು ಮೇಲ್ವಿಚಾರಕರು.

"ಯಾರೂ ಕೇಳಲಿಲ್ಲ ಸರ್, ಅದಕ್ಕೇ ಹೇಳ್ತಿದ್ದೀನಿ. ನನ್ನ ತಂಗಿಯ ಕೂಸಿಗೆ ಈ ವಾರವೇ ಚುಚ್ಚಿಸ್ಬೇಕು."

ಸೊಸೆ ಲಾರಿಯ ಮುಂದೆ ಹೋಗಿ ನಿಂತಳು. ಚಾಲಕ ಹಾರ್ನ್ ಒತ್ತಿದ. ಅವಳು ಅಲ್ಲಿಂದಲೇ ಮುಖ್ಯ ಕಚೇರಿಯ ಗುಣಮಟ್ಟದ ಅಧಿಕಾರಿಗೆ ಫೋನ್ ಮಾಡಿ, ತನ್ನ ಹೆಸರು ಹೇಳಿ, ಶನಿವಾರ ತಾನು ಮಾಡಿದ್ದನ್ನೂ ಹೊಸ್ತಿಲ ನೀರಿನ ಸಂಗತಿಯನ್ನೂ ಬಿಡದೆ ತಿಳಿಸಿದಳು. ಹಾರ್ನಿನ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು. ಆ ಕಡೆಯಿಂದ ಬಂದ ಮಾತು ಇಷ್ಟೇ: "ಫೋನನ್ನ ಮೇಲ್ವಿಚಾರಕರ ಕೈಗೆ ಕೊಡಿ."

ಅವರು ಕಿವಿಗಿಟ್ಟು ಕೇಳಿದರು, "ಆಯ್ತು ಸರ್" ಎಂದರು, ಚಾಲಕನತ್ತ ಕೈ ಎತ್ತಿದರು. ಎಂಜಿನ್ ನಿಂತಿತು.

ಮನೆಗೆ ಬಂದವಳು ಚಪ್ಪಲಿ ಬಿಡುತ್ತ, "ಮಾವ, ಕೆಲಸ ಹೋಗಬಹುದು," ಎಂದಳು. ನನ್ನ ಹೆಂಡತಿ ಅಂದು ಯಾವ ಚುಚ್ಚುಮಾತನ್ನೂ ಆಡಲಿಲ್ಲ. ತಟ್ಟೆ ಹಾಕಿ, "ಮೊದಲು ಉಣ್ಣು, ಹೋಗೋದು ಹೋಗ್ಲಿ," ಎಂದಳು.

ಮುಂದಿನದನ್ನು ಇಲ್ಲಿ ದಾಖಲಿಸುತ್ತೇನೆ. ಮೇ ಹದಿನಾಲ್ಕರಂದು ಪರಿಶೀಲಿಸಿದಾಗ ಜನರೇಟರಿನ ಬ್ಯಾಟರಿ ಸತ್ತಿರುವುದು ಕಂಡುಬಂದಿತು. ಇಪ್ಪತ್ತನಾಲ್ಕರಂದು ಪ್ರಯೋಗಾಲಯದ ವರದಿ ಬಂದಿತು: ಲಾರಿಯಲ್ಲಿದ್ದ ಮೂರು ಬಗೆಯ ಲಸಿಕೆಗಳಲ್ಲಿ ಎರಡು ಕೆಟ್ಟಿದ್ದವು, ಒಂದು ಸರಿಯಾಗಿತ್ತು. ಕೆಟ್ಟದ್ದನ್ನು ನಾಶಪಡಿಸಿದರು. ಇಪ್ಪತ್ತೇಳರಂದು ಶೈತ್ಯಕೋಣೆಗೆ ಪ್ರತ್ಯೇಕ ನೆಟ್‌ವರ್ಕ್ ಮಾಡಲಾಯಿತು. ಸೊಸೆಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಖಾಯಂ ಆಗುವುದು ಆರು ತಿಂಗಳು ಮುಂದೆ ಹೋಗಿ, ಡಿಸೆಂಬರ್ ಎರಡರಂದು ಆಯಿತು. ಸ್ವಾಗತದ ಹೆಂಗಸನ್ನು ಮುಖ್ಯ ಕಚೇರಿಗೆ ವರ್ಗಾಯಿಸಿದರು. ಮೇಲ್ವಿಚಾರಕರು ಅಕ್ಟೋಬರ್ ಮೂವತ್ತೊಂದರಂದು ವಯೋನಿವೃತ್ತಿ ಹೊಂದಿದರು; ಬೀಳ್ಕೊಡುಗೆಗೆ ಸೊಸೆ ಹೋಗಿದ್ದಳು.