ಬ್ರೇಕಿಗೆ ಹೋದ ಪೌಡರು

ಜೀಪು ಅಂಗಳದಲ್ಲಿ ಕೆಟ್ಟು ನಿಂತಷ್ಟು ದಿನ ನಮ್ಮವರು ಮನೆಯಲ್ಲಿರುತ್ತಿದ್ದರು. ಮದುವೆಯಾಗಿ ಭದ್ರಾವತಿಗೆ ಬಂದ ಮೊದಲ ವರ್ಷದಲ್ಲಿ ನಾನು ಕಲಿತದ್ದು ಇದೇ. ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಸುಡಿಸಿಕೊಡುವ ಗುತ್ತಿಗೆ ಅವರದು. ಕಾಡಿಗೆ ಹೋದರೆ ವಾರಗಟ್ಟಲೆ ಅಲ್ಲೇ. ಮನೆಯಲ್ಲಿ ಹಿರಿಯರು ಯಾರೂ ಇರಲಿಲ್ಲ. ನೆರೆಯವರು ತಮಿಳು, ತೆಲುಗು ಆಡುವವರು. ಒಳ್ಳೆಯ ಜನ, ಆದರೆ ನಮ್ಮ ಮಾತು ನಗುವಿನಲ್ಲಿ ಶುರುವಾಗಿ ನಗುವಿನಲ್ಲೇ ಮುಗಿಯುತ್ತಿತ್ತು. ಶಿವಮೊಗ್ಗದ ಕಾನ್ವೆಂಟಿನ ಗದ್ದಲದಲ್ಲಿ ಬೆಳೆದ ನಾನು, ಮಧ್ಯಾಹ್ನದ ಹೊತ್ತು ನೀರಿನ ಹಂಡೆಯ ಮೇಲೆ ಕಾಗೆ ಬಂದು ಕೂತರೂ ಎದ್ದು ಹೋಗಿ ನೋಡುತ್ತಿದ್ದೆ.

ಆ ಸಲ ಜೀಪಿನ ಹಿಂದಿನ ಆಕ್ಸಲ್ ಮುರಿದಿತ್ತು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಗಾಡಿ. ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ ಬೇರೊಂದು ಜೀಪಿನ ಆಕ್ಸಲ್ ಸಿಕ್ಕಿತು. ಅದನ್ನು ಕೂರಿಸಲು ಅಲ್ಲಿಂದಲೇ ಒಬ್ಬ ಮಿಸ್ತ್ರಿ ಸಾಬರು ಬಂದರು. ಆಕ್ಸಲ್ ಏನೋ ಕೂತಿತು, ಬ್ರೇಕಿನ ಎಣ್ಣೆ ಹರಿಯುವ ಹಳೆಯ ಕೊಳವೆ ಅದಕ್ಕೆ ಹೊಂದಲಿಲ್ಲ. ಸಾಬರು ತಾಮ್ರದ ಕೊಳವೆ ತಂದು, ಮೊಣಕಾಲಿಗೆ ಆನಿಸಿ, ಎಲ್ಲೂ ಚಪ್ಪಟೆಯಾಗದ ಹಾಗೆ ನಿಧಾನವಾಗಿ ಬಗ್ಗಿಸಿದರು. ಆಕ್ಸಲಿನ ನಡುವೆ ಒಂದು ಕವಲು, ಅಲ್ಲಿಂದ ಎಡಕ್ಕೂ ಬಲಕ್ಕೂ ಒಂದೊಂದು ಕೊಳವೆ.

"ಇನ್ನು ಒಳಗಿನ ಗಾಳಿ ತೆಗೀಬೇಕು. ಒಂದು ಗುಳ್ಳೆ ಉಳಿದ್ರೂ ಬ್ರೇಕು ಹಿಡಿಯಲ್ಲ," ಎಂದರು ಸಾಬರು. "ನನಗೆ ಸೊಂಟ ಬಗ್ಗಲ್ಲ ಸಾವ್ಕಾರ್ರೇ. ನಾನು ಮೇಲಿಂದ ಎಣ್ಣೆ ಹಾಕ್ತೀನಿ, ನೀವು ಕೆಳಗೆ ಹೋಗಿ. ಪೆಡಲ್ ಒತ್ತೋಕೆ ಅಮ್ಮನ್ನ ಕರೀರಿ."

ನಾನು ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತೆ. ಇವರು ಹಿಂದಿನ ಚಕ್ರದ ಬಳಿ ಅಂಗಾತ ಮಲಗಿದರು. ನನಗೆ ಮುಖ ಕಾಣದು, ದನಿ ಮಾತ್ರ.

"ಒತ್ತು."

"ಒತ್ತಿದೆ."

"ಹಿಡ್ಕೋ."

"ಹಿಡ್ಕೊಂಡಿದೀನಿ."

ಅವರು ಕೆಳಗೆ ಒಂದು ತಿರುಪು ಸಡಿಲಿಸುತ್ತಿದ್ದರು. ಗಾಳಿಯೂ ಎಣ್ಣೆಯೂ ಕೆಳಗಿಟ್ಟ ಬಾಟಲಿಗೆ ಇಳಿದು ಪೆಡಲು ನನ್ನ ಕಾಲಡಿ ಕುಸಿಯುತ್ತಿತ್ತು. ತಿರುಪು ಬಿಗಿದ ಮೇಲೆ "ಬಿಡು" ಅನ್ನುತ್ತಿದ್ದರು. ಕಾನ್ವೆಂಟಿನಲ್ಲಿ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ ನುಡಿಸುತ್ತಿದ್ದೆ. ಒಂದೇ ಸಮ ಒತ್ತುವುದು ನನಗೆ ಹೊಸದಲ್ಲ. ಹೊಸದೆಂದರೆ ಈ ಮಾತು. ಅವರು ಹೇಳಿದ್ದಕ್ಕೆ ನಾನು, ನಾನು ಹೇಳಿದ್ದಕ್ಕೆ ಅವರು. ಅಷ್ಟು ಹೊತ್ತು ನಾವಿಬ್ಬರೂ ಅದುವರೆಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಕೊನೆಗೆ ಪೆಡಲು ಗಟ್ಟಿಯಾಯಿತು. ಇವರು ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡು, "ಆಯ್ತು. ಬೆಳಿಗ್ಗೆ ಹೊರಡ್ತೀನಿ," ಎಂದರು.

ನಾನು ಇನ್ನೂ ಕಾಲು ತೆಗೆದಿರಲಿಲ್ಲ. ಪೆಡಲು ಕೆಳಗೆ ಹೋಗುತ್ತಿದೆ ಅನ್ನಿಸಿತು. ಅಕ್ಕಿ ಮೂಟೆಯ ಮೇಲೆ ಕೂತರೆ ಒಳಗೆ ಕಾಳು ಸರಿದು ಜಾಗ ಕೊಡುತ್ತದಲ್ಲ, ಅಷ್ಟು ಮೆಲ್ಲಗೆ. ಮತ್ತೆ ಒತ್ತಿದೆ. ಗಟ್ಟಿ ಇತ್ತು. ಹಿಡಿದುಕೊಂಡೆ. ಮತ್ತೆ ಸರಿಯಿತು. ಸರಿಯಿತೋ, ಸರಿಯಲಿ ಎಂದು ನಾನೇ ಬಯಸಿದೆನೋ, ನಿಜವಾಗಿ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ಒಂದೇ: ಇದ್ದಿಲು ಹೇರಿದ ಟ್ರೈಲರು ಹಿಂದಿನಿಂದ ನೂಕುತ್ತಿರುವಾಗ ಅವರು ಕಾಡಿನ ಇಳಿಜಾರನ್ನು ಈ ಪೆಡಲನ್ನು ನಂಬಿಯೇ ಇಳಿಯಬೇಕು.

"ರೀ, ಇದು ಕೆಳಗೆ ಇಳೀತಿದೆ."

"ನಾನು ಹೋಗ್ತೀನಿ ಅಂದ ತಕ್ಷಣ ಇಳೀತಾ? ನಿನ್ನ ಕಾಲಿಗೂ ಬಾಯಿ ಬಂತು ಮಾರಾಯ್ತಿ."

ಮುಖಕ್ಕೆ ಬಿಸಿ ಏರಿತು. ಆದರೂ ಕಾಲು ತೆಗೆಯಲಿಲ್ಲ.

ಸಾಬರು ಎಣ್ಣೆ ಡಬ್ಬಿಯ ಮುಚ್ಚಳ ಹಾಕುತ್ತಾ, "ನೋಡಿಬಿಡೋಣ ಸಾವ್ಕಾರ್ರೇ. ಬೀವಿ ಮಾತು ಕೇಳದೆ ನಾನು ಒಂದು ಹಲ್ಲು ಕಳ್ಕೊಂಡಿದೀನಿ," ಎಂದರು.

"ಹೊಡೆದ್ರಾ?"

"ಇಲ್ಲಪ್ಪಾ. ಸೈಕಲ್ ಹತ್ಬೇಡ ಅಂದಿದ್ಲು."

ಇವರು ನಗುತ್ತಾ ಮತ್ತೆ ಕೆಳಗೆ ತೂರಿದರು. ಆಕ್ಸಲನ್ನು ಸೀಮೆಎಣ್ಣೆಯಲ್ಲಿ ತೊಳೆದದ್ದರಿಂದ ಎಲ್ಲವೂ ಒದ್ದೆ. ಎಲ್ಲಿ ಸೋರುತ್ತಿದೆ ಎಂದು ಹೇಳುವುದು ಹೇಗೆ? ಒರೆಸಿ ಒಣ ಹಿಟ್ಟು ಉದುರಿಸಿದರೆ ಕಲೆ ಕಾಣುತ್ತದೆ ಅಂದರು ಸಾಬರು. ನಾನು ಒಳಗೆ ಓಡಿದೆ. ಹಿಟ್ಟಿನ ಡಬ್ಬದ ತಳದಲ್ಲಿ ಒಂದು ಚಿಟಿಕೆಯೂ ಇರಲಿಲ್ಲ, ಜೋಳ ಗಿರಣಿಯಲ್ಲಿತ್ತು. ಕನ್ನಡಿಯ ಪಕ್ಕ ಪೌಡರ್ ಡಬ್ಬಿ ಕಂಡಿತು. ಗುಲಾಬಿ ಬಣ್ಣದ ತಗಡಿನದು, ಮುಚ್ಚಳದ ಸುತ್ತ ಅಂಟಿಸಿದ ಕಾಗದವೂ ಹರಿದಿರಲಿಲ್ಲ. ಅದನ್ನೇ ತಂದು, ಬಗ್ಗಿ, ಅವರ ಕೈಗೆ ಕೊಟ್ಟೆ.

ಮತ್ತೆ ಪೆಡಲಿನ ಮೇಲೆ ಕಾಲು. ಎಣ್ಣೆ, ಸೀಮೆಎಣ್ಣೆಯ ವಾಸನೆಯ ನಡುವಿನಿಂದ ಮಲ್ಲಿಗೆಯ ಪರಿಮಳ ಎದ್ದಿತು. ಕೆಳಗೆ ಇವರು ಪೌಡರು ಉದುರಿಸುತ್ತಿದ್ದರು. ಸುಳ್ಳಾದರೆ ಇವರು ಊರೆಲ್ಲ ಹೇಳಿಕೊಂಡು ನಗುತ್ತಾರೆ, ನಿಜವಾದರೆ... ಅಷ್ಟರಲ್ಲಿ,

"ಇಲ್ಲಿದೆ," ಎಂದರು. "ಕವಲಿನ ಹತ್ರ. ಸಾಸಿವೆ ಕಾಳಷ್ಟು ಒದ್ದೆ. ದೊಡ್ಡದಾಗ್ತಿದೆ."

ಕೊಳವೆಯ ಬಾಯಿ ಒಂದು ಪಕ್ಕ ಸೀಳಿತ್ತಂತೆ. ಸಾಬರು ಅಷ್ಟನ್ನು ಕತ್ತರಿಸಿ, ಹೊಸದಾಗಿ ಬಾಯಿ ಅರಳಿಸಿ ಕೂರಿಸಿದರು. ಒಳಗೆ ಗಾಳಿ ಹೊಕ್ಕಿದ್ದರಿಂದ ಎಲ್ಲ ಮೊದಲಿನಿಂದ. ಒತ್ತು, ಹಿಡ್ಕೋ, ಬಿಡು. ಬಿಸಿಲು ಕಾಂಪೌಂಡು ಗೋಡೆ ಹತ್ತುವವರೆಗೆ. ಈ ಸಲ ಪೆಡಲು ಕಲ್ಲಿನ ಹಾಗೆ ನಿಂತಿತು. ನಾನು ಎಷ್ಟು ಹಿಡಿದರೂ ಕದಲಲಿಲ್ಲ.

"ಬಿಡು ಅಂದೆನಲ್ಲ," ಎಂದರು ಇವರು.

ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟೆ. ಗಿರಣಿಯಿಂದ ಬಂದ ಹಿಟ್ಟಿನ ರೊಟ್ಟಿ, ಚಟ್ನಿಪುಡಿ, ಮೊಸರು. ಜೀಪು ಹತ್ತಿ ಕೂತವರು ಏನೋ ನೆನಪಾದಂತೆ, "ಆ ಪೌಡರು ಎಲ್ಲಿತ್ತು?" ಎಂದು ಕೇಳಿದರು.

"ನೀವೇ ತಂದಿದ್ದು. ಮದುವೆ ಆದ ಹೊಸದ್ರಲ್ಲಿ, ಶಿವಮೊಗ್ಗದ ಗಾಂಧಿ ಬಜಾರಿಂದ."

"ಹೌದಾ? ನೀನು ಹಾಕ್ಕೊಂಡಿದ್ದು ನೋಡೇ ಇಲ್ಲ."

ಯಾರು ನೋಡಲೆಂದು ಹಾಕಿಕೊಳ್ಳಲಿ? ಜೀಪು ಹೊರಟಿತು. ಗೇಟು ದಾಟಿದ್ದೇ ತಟ್ಟನೆ ನಿಂತಿತು. ನಾನು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದೆ, ಅಂಗಳದ ಅರ್ಧದವರೆಗೂ ಹೋದೆ. ಅವರು ತಿರುಗಿ ನೋಡಲಿಲ್ಲ. ಬ್ರೇಕು ಹಿಡಿಯುತ್ತದೋ ಎಂದು ನೋಡಿದ್ದು ಅಷ್ಟೇ. ಚೆನ್ನಾಗಿಯೇ ಹಿಡಿದಿತ್ತು. ಗೇರು ಬದಲಿಸಿದ ಸದ್ದಾಯಿತು, ಜೀಪು ಸೇತುವೆಯ ಕಡೆಗೆ ತಿರುಗಿತು.