ಗೀರು ಬೀಳದ ಬೂಟುಗಳು

ಎಂಬತ್ತರ ದಶಕದಲ್ಲಿ ನಮ್ಮೂರಿಗೊಬ್ಬ ಹೆಲ್ತ್ ಇನ್ಸ್‌ಪೆಕ್ಟರ್ ಇದ್ದರು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ಸೋಕಿದರೂ ಇಲಿಜ್ವರ ಬರುತ್ತದೆಂದು ಅವರು ಭಾಷಣ ಮಾಡಿದಾಗಲೆಲ್ಲ, ಚರ್ಚಾಸ್ಪರ್ಧೆ ಗೆದ್ದ ಪದವೀಧರನಾದ ನಾನೇ ಮೊದಲು ಚಪ್ಪಾಳೆ ತಟ್ಟುತ್ತಿದ್ದೆ. ಚರಂಡಿ ಕೆಲಸದವನಿಗೆಂದು ಬಂದ ರಬ್ಬರ್ ಬೂಟುಗಳನ್ನು ಮಾತ್ರ ಅವರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅವನು ಕೇಳಿದರೆ ಕೀಲಿಗೊಂಚಲು ತಿರುಗಿಸುತ್ತಾ, "ಹಾಳಾಗ್ತವೆ ಕಣಯ್ಯ, ಸಾಹೇಬ್ರು ತಪಾಸಣೆಗೆ ಬರ್ಲಿ" ಎನ್ನುತ್ತಿದ್ದರು.

"ನನ್ ಕಾಲು ಹಾಳಾದ್ರೆ ಸ್ವಾಮಿ?"

"ಕಾಲು ನಿಂದು, ಬೂಟು ಸರ್ಕಾರದ್ದು."

ಆ ಮಳೆಗಾಲದಲ್ಲಿ ಅವನಿಗೆ ಜ್ವರ ಬಂದು ಮೀನಖಂಡ ಸೆಳೆಯಿತು, ಕಣ್ಣು ಹಳದಿಯಾಯಿತು. ಮನೆಯವರು ಕಾಮಾಲೆಯೆಂದು ಸೊಪ್ಪಿನ ರಸ ಕುಡಿಸುತ್ತಾ ದಿನ ಕಳೆದರು. ಬೀರೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಗಿತ್ತು, ಅವನು ಉಳಿಯಲಿಲ್ಲ.

ತಪಾಸಣೆಗೆ ಬಂದ ಸಾಹೇಬರು, ಬೂಟುಗಳ ಮೇಲೆ ಒಂದು ಗೀರೂ ಇಲ್ಲವೆಂದು ಇನ್ಸ್‌ಪೆಕ್ಟರರನ್ನು ಹೊಗಳಿದರು. ಅಭ್ಯಾಸದಂತೆ ನನ್ನ ಕೈಗಳು ಮೇಲೆದ್ದವು, ಒಂದಕ್ಕೊಂದು ತಾಗಲಿಲ್ಲ.